ಕಿವಿಯ ಗಡುವು

ಕಲಬುರಗಿಯ ಕಡೆ ಯಾರಿಗಾದರೂ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಮನೆಯಲ್ಲಿ ಮೊದಲು ಹೊರಬರುವುದು ಎಣ್ಣೆಯ ಬಟ್ಟಲು. ಕುಸುಬೆ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಕಾಯಿಸಿ, ಆರಿಸಿ, ಹತ್ತಿಯಲ್ಲಿ ಅದ್ದಿ ಕಿವಿಗೆ ಬಿಡುತ್ತಾರೆ. ಅದಾದ ಮೇಲೆ ಔಷಧಿ ಅಂಗಡಿಯವರು ಕೊಟ್ಟ ಹನಿ. ಬೇಸಿಗೆಯಾದರೆ ಕೂಲರ್ ಗಾಳಿ ಬಡಿದಿದೆ ಎನ್ನುತ್ತಾರೆ, ಮಳೆಗಾಲವಾದರೆ ನೆಗಡಿ ಕಿವಿಗೆ ಇಳಿದಿದೆ ಎನ್ನುತ್ತಾರೆ. ಎಲ್ಲವೂ ಅಕ್ಕರೆಯಿಂದಲೇ ನಡೆಯುತ್ತದೆ. ಆದರೆ ಕೆಟ್ಟಿರುವುದು ಒಳಕಿವಿಯಾಗಿದ್ದರೆ, ಈ ಉಪಚಾರಗಳಲ್ಲಿ ಕಳೆದುಹೋಗುವ ದಿನಗಳೇ ಆ ಕಿವಿಗೆ ಚಿಕಿತ್ಸೆ ತಾಗಬಹುದಾಗಿದ್ದ ದಿನಗಳು.

ನಾನು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವಳು, ವೈದ್ಯಳಲ್ಲ. ಈ ವಿಷಯದೊಳಗೆ ನಾನು ಇಳಿಯಬೇಕಾಗಿ ಬಂದದ್ದು ನನ್ನ ಕಾಕಾನ ಕಾರಣಕ್ಕೆ. ಅವರು ನೆಹರೂ ಗಂಜ್‌ನ ಅಡತ ಅಂಗಡಿಯೊಂದರಲ್ಲಿ ಮುನೀಮರು. ತೊಗರಿ ಬರುವ ಕಾಲದಲ್ಲಿ ಅವರ ಎಡಗಿವಿಯಿಂದ ಮೊಬೈಲ್ ಇಳಿಯುವುದೇ ಇಲ್ಲ. ಬಲಗೈಯಲ್ಲಿ ಪೆನ್ನು, ಎದುರಿಗೆ ರೈತರು, ಬೆನ್ನ ಹಿಂದೆ ಹಮಾಲರ ಕೂಗು. ಒಂದು ಮುಂಜಾನೆ ಫೋನ್ ಎತ್ತಿದರೆ ಆ ಕಡೆಯಿಂದ ಮಾತೇ ಇಲ್ಲ. ಮೊಬೈಲ್ ಕೆಟ್ಟಿರಬೇಕೆಂದು ಪಕ್ಕದವರದನ್ನು ಇಸಿದುಕೊಂಡರು. ಅದರಲ್ಲೂ ಮಾತಿಲ್ಲ. ಬಲಗಿವಿಗೆ ಹಿಡಿದಾಗ ಎಲ್ಲವೂ ಸ್ಪಷ್ಟ. ಎಡಗಿವಿಯಲ್ಲಿ ಉಳಿದಿದ್ದದ್ದು ಗುಂಯ್ ಎಂಬ ಒಂದೇ ಸಮನೆಯ ಸದ್ದು. ನೋವಿರಲಿಲ್ಲ, ಸೋರಿಕೆ ಇರಲಿಲ್ಲ, ಜ್ವರ ಇರಲಿಲ್ಲ. ನೋವಿಲ್ಲದ ಕಾಯಿಲೆಗೆ ನಮ್ಮಲ್ಲಿ ಯಾರೂ ಅವಸರ ಮಾಡುವುದಿಲ್ಲ.

ಎಣ್ಣೆಯಾಯಿತು, ಹನಿಯಾಯಿತು. ಹತ್ತಿರದ ದವಾಖಾನೆಯೊಂದರಲ್ಲಿ ಬ್ಯಾಟರಿ ಹಾಕಿ ನೋಡಿ, ಗುಗ್ಗೆ ತುಂಬಿದೆ ಎಂದು ಅದನ್ನು ಕರಗಿಸುವ ಔಷಧ ಬರೆದುಕೊಟ್ಟರು. ಗುಗ್ಗೆ ಇದ್ದದ್ದೂ ನಿಜ. ಆದರೆ ಕಿವಿ ಕೇಳದಿರಲು ಅದು ಕಾರಣವಾಗಿರಲಿಲ್ಲ. ವೈದ್ಯಕೀಯ ಕಾಲೇಜೊಂದರ ಇಎನ್‌ಟಿ ವಿಭಾಗಕ್ಕೆ ಕಾಕಾ ಬಂದು ಕೂತಾಗ ವಾರ ದಾಟಿತ್ತು.

ಅಲ್ಲಿನ ಯುವ ವೈದ್ಯೆ ಮೇಜಿನ ಖಾನೆಯಿಂದ ತೆಗೆದದ್ದು ಒಂದು ಶ್ರುತಿಕವೆ, ತಟ್ಟಿದರೆ ಒಂದೇ ಸ್ವರದಲ್ಲಿ ಮಿಡಿಯುವ ಎರಡು ಕವಲಿನ ಲೋಹದ ಕಡ್ಡಿ. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಅನುರಣನ ತೋರಿಸಲು ನಾನು ಬಳಸುವ ಅದೇ 512 ಹರ್ಟ್ಸ್‌ನ ಕವೆ. ಅದನ್ನು ಮೊಣಕೈಗೆ ತಟ್ಟಿ ಕಾಕಾನ ಹಣೆಯ ನಡುವೆ ಇಟ್ಟು, ‘ಸದ್ದು ಯಾವ ಕಡೆ ಕೇಳುತ್ತದೆ, ಅಜ್ಜಾ?’ ಎಂದು ಕೇಳಿದರು. ‘ಬಲಕ್ಕೆ’ ಎಂದರು ಕಾಕಾ. ವೈದ್ಯೆಯ ಮುಖ ಆಗಲೇ ಗಂಭೀರವಾಯಿತು. ಗುಗ್ಗೆಯಿಂದಲೋ ನೆಗಡಿಯಿಂದಲೋ ಕಿವಿ ಕಟ್ಟಿದ್ದರೆ, ಮೂಳೆಯ ಮೂಲಕ ಹೋದ ಸದ್ದು ಆ ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಬೇಕು. ಒಳ್ಳೆಯ ಕಿವಿಯ ಕಡೆಗೆ ಸರಿದರೆ ತೊಂದರೆ ಒಳಕಿವಿಯಲ್ಲಿದೆ ಅಥವಾ ನರದಲ್ಲಿದೆ. ಕ್ಷಣಾರ್ಧದ ಪರೀಕ್ಷೆ ಇದು, ವಿದ್ಯುತ್ತೂ ಬೇಡ. ಕವೆ ಇಲ್ಲದ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ‘ಮ್‌’ ಎಂದು ಗುನುಗಿದರೂ ಒಂದು ಅಂದಾಜು ಸಿಗುತ್ತದೆ. ಕೇಳದಾದ ಕಿವಿಯ ಕಡೆಗೇ ಗುನುಗು ತುಂಬಿಕೊಂಡರೆ ಕಿವಿ ಬಹುಶಃ ಕಟ್ಟಿದೆ ಅಷ್ಟೆ. ಕೇಳುವ ಕಿವಿಯ ಕಡೆ ಹೋದರೆ ಅಂದೇ ಆಸ್ಪತ್ರೆಗೆ ಹೊರಡಬೇಕು. ತೀರ್ಪು ಮಾತ್ರ ವೈದ್ಯರದೇ. ಅವರ ಬಾಗಿಲಿಗೆ ಬೇಗ ಹೋಗುವುದಕ್ಕೆ ಈ ಗುನುಗು ಸಾಕು.

ಮುಂದೆ ಆಡಿಯೋಮೆಟ್ರಿ, ಅಂದರೆ ಕಿವಿಗೆ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ, ಆಯಿತು. 72 ಗಂಟೆಗಳೊಳಗೆ, ಅಕ್ಕಪಕ್ಕದ ಮೂರು ಆವರ್ತನಗಳಲ್ಲಿ ಕನಿಷ್ಠ 30 ಡೆಸಿಬೆಲ್ ಶ್ರವಣ ಕುಸಿದರೆ ಅದನ್ನು ಹಠಾತ್ ಒಳಕಿವಿ ಕಿವುಡು ಎಂದು ಗುರುತಿಸುತ್ತಾರೆ. ಅಮೆರಿಕದ ಲೆಕ್ಕದಂತೆ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ 5ರಿಂದ 27 ಮಂದಿಗೆ ಇದು ಬರುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಕಾರಣ ಪತ್ತೆಯಾಗುವುದೇ ಇಲ್ಲ. ವೈರಸ್ ಇರಬಹುದು, ಸಣ್ಣ ರಕ್ತನಾಳ ಕಟ್ಟಿರಬಹುದು, ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೆಯೇ ತಿರುಗಿರಬಹುದು. ಕೆಲವರಲ್ಲಿ ಶ್ರವಣ ನರದ ಮೇಲೆ ಬೆಳೆದ ಗಡ್ಡೆ ಕಾರಣವಾಗಿರುತ್ತದೆ. ಅದಕ್ಕಾಗಿಯೇ ಎಂಆರ್‌ಐ ಮಾಡಿಸುತ್ತಾರೆ. ಕಿವುಡಿನ ಜೊತೆ ತೀವ್ರ ತಲೆಸುತ್ತು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು ಸೇರಿಕೊಂಡರೆ ಅದು ಪಾರ್ಶ್ವವಾಯುವೂ ಆಗಿರಬಹುದು. ಆಗ ನಿಮಿಷಗಳ ಲೆಕ್ಕ.

ಮೊದಲ ಚಿಕಿತ್ಸೆ ಸ್ಟಿರಾಯ್ಡ್ ಮಾತ್ರೆ. ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ, ಹೆಚ್ಚೆಂದರೆ ದಿನಕ್ಕೆ 60 ಮಿಲಿಗ್ರಾಂ ಪ್ರೆಡ್ನಿಸೊಲೋನ್, 10ರಿಂದ 14 ದಿನ ಕೊಟ್ಟು ನಿಧಾನಕ್ಕೆ ಇಳಿಸುವುದು ರೂಢಿ. ಕಿವಿ ಕೆಟ್ಟ ಎರಡು ವಾರದೊಳಗೆ ಶುರುವಾಗಬೇಕು, ಎಷ್ಟು ಬೇಗನೋ ಅಷ್ಟು ಒಳ್ಳೆಯದು. ಸ್ಟಿರಾಯ್ಡ್ ಎಂದೊಡನೆ ಚಿಗವ್ವ ಗಾಬರಿಯಾದರು, ಏಕೆಂದರೆ ಕಾಕಾನಿಗೆ ಸಕ್ಕರೆ ಕಾಯಿಲೆ ಇದೆ. ಆ ಗಾಬರಿಗೆ ಕಾರಣವಿದೆ, ಸ್ಟಿರಾಯ್ಡ್‌ನಿಂದ ಸಕ್ಕರೆ ಏರಿಯೇ ಏರುತ್ತದೆ. ಅಂಥವರಿಗೆ ಕಿವಿಯ ತಮಟೆಯ ಮೂಲಕ ಸೂಜಿ ಹಾಯಿಸಿ ನಡುಗಿವಿಯೊಳಗೆ ಔಷಧ ಬಿಡುವ ದಾರಿಯಿದೆ. 250 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದು, ಸೂಜಿಯ ಫಲ ಮಾತ್ರೆಯದಕ್ಕಿಂತ ಕಡಿಮೆಯಲ್ಲ ಎಂದು ತೋರಿಸಿತು. ಕಾಕಾನಿಗೆ ವೈದ್ಯೆ ಆರಿಸಿದ್ದು ಸೂಜಿಯನ್ನೇ. ಸ್ಟಿರಾಯ್ಡ್‌ನ ನೆಲೆಯೂ ಅಷ್ಟೊಂದು ಗಟ್ಟಿಯಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಹೆಚ್ಚು ಗುಣವಾದೀತೇ ಎಂದು ನೋಡಿದ ಜರ್ಮನಿಯ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಹೆಚ್ಚಿನ ಪ್ರಮಾಣದಿಂದ ಹೆಚ್ಚಿನ ಲಾಭ ಕಂಡಿರಲಿಲ್ಲ.

ಹೈಪರ್‌ಬ್ಯಾರಿಕ್ ಆಕ್ಸಿಜನ್ ಚಿಕಿತ್ಸೆಯ ಮಾತು ಬಂದದ್ದು ಆಮೇಲೆ. ಒತ್ತಡ ಹೆಚ್ಚಿಸಿದ ಕೋಣೆಯೊಳಗೆ ಶುದ್ಧ ಆಮ್ಲಜನಕ ಉಸಿರಾಡಿಸುವ ಚಿಕಿತ್ಸೆ ಅದು. ಸಮುದ್ರದಲ್ಲಿ ಆಳಕ್ಕೆ ಮುಳುಗಿ ಬೇಗನೆ ಮೇಲೆದ್ದವರ ರಕ್ತದಲ್ಲಿ ಗಾಳಿಗುಳ್ಳೆಗಳು ಎದ್ದು ಪ್ರಾಣಕ್ಕೆ ಬಂದಾಗ ಅವರನ್ನು ಉಳಿಸುವುದು ಇಂಥ ಕೋಣೆಯೇ. ಸಮುದ್ರವೇ ಇಲ್ಲದ ನಮ್ಮ ಸೀಮೆಯಲ್ಲಿ ಆ ಹೆಸರು ಕೇಳಿದವರು ಕಡಿಮೆ. ಕಾಕಾ ನನ್ನನ್ನು ಕರೆದು, ‘ಅವ್ವಾ, ಉಸಿರಾಟಕ್ಕೆ ನನಗೇನೂ ತ್ರಾಸಿಲ್ಲ. ಕಿವಿಗೆ ಯಾಕೆ ಆಕ್ಸಿಜನ್?’ ಎಂದರು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಅಪರೂಪಕ್ಕೆ ಕೇಳಿದ್ದೇನೆ.

ಒಳಕಿವಿಯ ಕಾಕ್ಲಿಯಾ ಎಂಬ ಸುರುಳಿಯೊಳಗೆ ಸುಮಾರು 15,000 ರೋಮಕೋಶಗಳಿವೆ. ಸದ್ದಿನ ಅಲುಗಾಟವನ್ನು ನರದ ಸಂಕೇತವಾಗಿ ಬದಲಿಸುವುದು ಅವುಗಳ ಕೆಲಸ. ಒಮ್ಮೆ ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಆ ಸುರುಳಿಯೊಳಗಿನ ದ್ರವ ಸುಮಾರು 80 ಮಿಲಿವೋಲ್ಟ್ ವಿದ್ಯುತ್ ವಿಭವದಲ್ಲಿ ನಿಂತಿರುತ್ತದೆ. ಅದನ್ನು ಹಾಗೆ ನಿಲ್ಲಿಸಲು ಗೋಡೆಯಲ್ಲಿರುವ ಒಂದು ಪಟ್ಟಿ ಹಗಲೂ ರಾತ್ರಿ ಆಮ್ಲಜನಕ ಸುಡುತ್ತಿರಬೇಕು. ಆಮ್ಲಜನಕ ನಿಂತರೆ ಆ ವಿಭವ ನೋಡನೋಡುತ್ತಿದ್ದಂತೆ ಕುಸಿಯುತ್ತದೆ. ಇಷ್ಟು ಹಸಿದ ಅಂಗಕ್ಕೆ ರಕ್ತ ತರುವುದು ಕೂದಲೆಳೆಯಷ್ಟು ಸಣ್ಣದೊಂದು ಅಪಧಮನಿ ಮಾತ್ರ. ಅದು ಕಟ್ಟಿದರೆ ಬಳಸು ದಾರಿಯಿಲ್ಲ. ರೋಮಕೋಶಗಳ ಪಕ್ಕದಲ್ಲಿ ರಕ್ತನಾಳವೂ ಇಲ್ಲ, ಸುತ್ತಲಿನ ದ್ರವದಿಂದ ಒಸರಿ ಬಂದ ಆಮ್ಲಜನಕದಲ್ಲೇ ಅವು ಬದುಕಬೇಕು. ನಮ್ಮ ದೇಹದಲ್ಲಿ ಇಷ್ಟು ಮುಖ್ಯವಾದ ಜಾಗಕ್ಕೆ ಇಷ್ಟು ಬಡ ಏರ್ಪಾಡು ಇದೆಯೆಂದು ಓದಿದ ದಿನ ನನಗೆ ನಿಜವಾಗಿಯೂ ಸಂಕಟವಾಯಿತು.

ಹಾಗಾದರೆ ಮೂಗಿಗೆ ಸಾಧಾರಣ ಆಮ್ಲಜನಕದ ನಳಿಕೆ ಇಟ್ಟರೆ ಸಾಲದೇ? ಸಾಲದು. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಆರೋಗ್ಯವಂತರಲ್ಲಿ ಮಾಮೂಲಿ ಗಾಳಿಯಲ್ಲೇ ಹೆಚ್ಚುಕಡಿಮೆ ತುಂಬಿರುತ್ತದೆ, ಅದರಲ್ಲಿ ಇನ್ನಷ್ಟು ಹಿಡಿಯುವುದಿಲ್ಲ. ಉಳಿದ ಜಾಗ ರಕ್ತದ ನೀರಿನ ಭಾಗವಾದ ಪ್ಲಾಸ್ಮಾ. ಅದರಲ್ಲಿ ನೇರವಾಗಿ ಕರಗಿರುವ ಆಮ್ಲಜನಕ 100 ಮಿಲಿಲೀಟರ್ ರಕ್ತಕ್ಕೆ ಕೇವಲ 0.3 ಮಿಲಿಲೀಟರ್. ಅನಿಲದ ಒತ್ತಡ ಹೆಚ್ಚಿದಷ್ಟೂ ಅದು ದ್ರವದಲ್ಲಿ ಹೆಚ್ಚು ಕರಗುತ್ತದೆಂಬುದು ಹೆನ್ರಿಯ ನಿಯಮ. ಗೋಲಿಸೋಡಾದ ಗೋಲಿ ಒತ್ತಿದೊಡನೆ ಬುರುಬುರು ಏಳುವ ಗುಳ್ಳೆಗಳು ಆ ನಿಯಮವನ್ನೇ ತಿರುವಿ ತೋರಿಸುತ್ತವೆ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಕಾಕಾನಿಗೂ ಹಾಗೆಯೇ ಹೇಳಿದೆ. ಸಾಮಾನ್ಯ ವಾಯುಒತ್ತಡದ ಮೂರು ಪಟ್ಟು ಒತ್ತಡದಲ್ಲಿ ಶುದ್ಧ ಆಮ್ಲಜನಕ ಉಸಿರಾಡಿದರೆ ಪ್ಲಾಸ್ಮಾದಲ್ಲಿ ಕರಗಿದ ಪಾಲು ಸುಮಾರು 6 ಮಿಲಿಲೀಟರ್‌ಗೆ ಏರುತ್ತದೆ. ವಿಶ್ರಾಂತಿಯಲ್ಲಿರುವ ದೇಹಕ್ಕೆ ಅಷ್ಟೇ ಸಾಕು. ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯ ಇಟೆ ಬೂರೆಮಾ 1960ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಎದ್ದು ಕಾಣುವಂತೆ ತೋರಿಸಿತು. ಎಳೆಯ ಹಂದಿಗಳ ಕೆಂಪು ರಕ್ತಕಣಗಳನ್ನು ಬಹುಪಾಲು ತೆಗೆದುಹಾಕಿ, ಮೂರು ಪಟ್ಟು ಒತ್ತಡದ ಆಮ್ಲಜನಕದಲ್ಲಿ ಇಟ್ಟರೂ ಅವು ಬದುಕಿದ್ದವು.

ಕಿವುಡಿನ ಚಿಕಿತ್ಸೆಯಲ್ಲಿ ಒತ್ತಡ ಸಾಮಾನ್ಯವಾಗಿ 2ರಿಂದ 2.5 ಪಟ್ಟು, ಒಂದು ಸಲಕ್ಕೆ ಸುಮಾರು 90 ನಿಮಿಷ, ಒಟ್ಟು 10ರಿಂದ 20 ಸಲ. 2.4 ಪಟ್ಟು ಎಂದರೆ ಸಮುದ್ರದಲ್ಲಿ 14 ಮೀಟರ್ ಆಳಕ್ಕೆ ಇಳಿದಷ್ಟು ಒತ್ತಡ. ಕರಗಿದ ಆಮ್ಲಜನಕ ನಾಳ ತಲುಪದ ಕಡೆಗೂ ದ್ರವದ ಮೂಲಕ ಒಸರಿ ಹೋಗಿ, ಸಾಯದೆ ಸೊರಗಿರುವ ಕೋಶಗಳನ್ನು ಹಿಡಿದು ನಿಲ್ಲಿಸಬಹುದು ಎಂಬುದು ಇದರ ಹಿಂದಿನ ತರ್ಕ. ಸತ್ತ ಕೋಶವನ್ನು ಯಾವ ಒತ್ತಡವೂ ಎಬ್ಬಿಸಲಾರದು. ಗಡುವು ಹುಟ್ಟುವುದು ಇಲ್ಲಿಂದಲೇ.

ತರ್ಕ ಚೆಂದವಿದ್ದ ಮಾತ್ರಕ್ಕೆ ಔಷಧ ಕೆಲಸ ಮಾಡುವುದಿಲ್ಲ, ಹೀಗಾಗಿ ಪುರಾವೆ ಹುಡುಕಿದೆ. ಚಿಕಿತ್ಸೆಗಳ ಪುರಾವೆ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯ 2012ರ ವಿಮರ್ಶೆ 7 ಪ್ರಯೋಗಗಳ 392 ರೋಗಿಗಳನ್ನು ಒಟ್ಟುಗೂಡಿಸಿ ನೋಡಿತ್ತು. ಶ್ರವಣದಲ್ಲಿ ಕಾಲುಭಾಗದಷ್ಟು ಸುಧಾರಣೆ ಕಾಣುವವರ ಸಂಖ್ಯೆ ಆಮ್ಲಜನಕದಿಂದ ಹೆಚ್ಚಿತ್ತು. ಐವರಿಗೆ ಚಿಕಿತ್ಸೆ ಕೊಟ್ಟರೆ ಒಬ್ಬರಿಗೆ ಅದರಿಂದಲೇ ಬಂದ ಲಾಭ ಎಂಬ ಲೆಕ್ಕ. ಅರ್ಧದಷ್ಟು ಸುಧಾರಣೆಯ ವಿಷಯದಲ್ಲಿ ಮಾತ್ರ ವ್ಯತ್ಯಾಸ ಖಚಿತವಾಗಲಿಲ್ಲ. ಪ್ರಯೋಗಗಳು ಚಿಕ್ಕವು, ಗುಣಮಟ್ಟವೂ ಅಷ್ಟಕ್ಕಷ್ಟೆ ಎಂದು ವಿಮರ್ಶಕರೇ ಹೇಳಿದ್ದಾರೆ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಸ್ಥೆ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಇದಕ್ಕೆ ಕೊಟ್ಟ ಸ್ಥಾನ, ಬೇಕಿದ್ದರೆ ಆರಿಸಿಕೊಳ್ಳಬಹುದಾದ ಚಿಕಿತ್ಸೆ ಎಂದು. ಅದೂ ಸ್ಟಿರಾಯ್ಡ್‌ ಜೊತೆಗೆ, ಕಿವಿ ಕೆಟ್ಟ ಎರಡು ವಾರದೊಳಗೆ. ಮೊದಲ ಚಿಕಿತ್ಸೆ ಫಲಿಸದಿದ್ದರೆ ಮತ್ತೆ ಸ್ಟಿರಾಯ್ಡ್‌ ಜೊತೆಗೇ, ಒಂದು ತಿಂಗಳೊಳಗೆ. 2012ರ ಮಾರ್ಗಸೂಚಿಯಲ್ಲಿ ಮೂರು ತಿಂಗಳವರೆಗೆ ಅವಕಾಶವಿತ್ತು. ಏಳು ವರ್ಷಗಳಲ್ಲಿ ಆ ಕಿಟಕಿ ಕಿರಿದಾಯಿತು.

ಕಾಕಾ ಹೋಗುತ್ತೇನೆಂದರು. ಹೈದರಾಬಾದಿನಲ್ಲಿ ಅವರ ಮಗಳ ಮನೆಯಿದೆ. ವಾಡಿ, ತಾಂಡೂರು, ವಿಕಾರಾಬಾದ್ ಮೇಲೆ ಹಾಯುವ ರೈಲು ಹತ್ತಿದೆವು. ಉಳಿಯಲು ಮನೆ, ಕೈಯಲ್ಲಿ ಒಂದಿಷ್ಟು ಹಣ, ಮಾತಿಗೆ ದಖನಿ ಇದ್ದದ್ದರಿಂದ ಇದು ಸಾಧ್ಯವಾಯಿತು. ಸುರಪುರದ ಹತ್ತಿರದ ಹಳ್ಳಿಯ ಕೂಲಿಕಾರನಿಗೆ ವಾರಗಟ್ಟಲೆ ಪರಊರಿನಲ್ಲಿ ಉಳಿದು, ಪ್ರತಿ ಸಲಕ್ಕೂ ಸಾವಿರಗಳ ಲೆಕ್ಕದಲ್ಲಿ ಕಟ್ಟಲು ಆಗುವುದಿಲ್ಲ. ಆತ ಕೇಳಬಹುದಾದದ್ದು ಶ್ರುತಿಕವೆ ಮತ್ತು ಸ್ಟಿರಾಯ್ಡ್ ಮಾತ್ರೆ. ಅವೆರಡೂ ಆತನಿಗೆ ಮೊದಲ ದಿನಗಳಲ್ಲೇ ಸಿಗಬೇಕೆಂಬುದು ನನ್ನ ಹಟ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಕವೆ ಇರುವುದು ದೂರದ ಊರಿನ ಹತ್ತು ಕೋಣೆಗಳಿಗಿಂತ ಹೆಚ್ಚು ಕಿವಿಗಳನ್ನು ಉಳಿಸೀತು ಎಂದು ನಾನು ನಂಬಿದ್ದೇನೆ.

ಆ ಕೋಣೆ ಪಾರದರ್ಶಕ ಅಕ್ರಿಲಿಕ್‌ನ ಉದ್ದನೆಯ ಕೊಳವೆ, ಒಬ್ಬರು ಮಲಗುವಷ್ಟು. ಒಳಗೆ ಹೋಗುವ ಮುನ್ನ ಸಕ್ಕರೆ ಅಳೆದರು, ಏಕೆಂದರೆ ಒಳಗೆ ಅದು ಇಳಿಯಬಹುದು. ಎದೆಯ ಎಕ್ಸ್‌ರೇ ನೋಡಿದರು. ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಂಡಿದ್ದು ಅದಕ್ಕೆ ಚಿಕಿತ್ಸೆ ಆಗಿರದಿದ್ದರೆ ಒಳಗೆ ಬಿಡುವಂತಿಲ್ಲ. ಆಮೇಲೆ ತಲೆ ತೊಳೆಸಿದರು. ಕೂದಲಿಗೆ ಎಣ್ಣೆ ಇರಬಾರದು, ಅತ್ತರು ಬೇಡ, ಮೊಬೈಲ್ ಬೇಡ, ಗಡಿಯಾರ ಬೇಡ, ಆಸ್ಪತ್ರೆಯ ಹತ್ತಿ ಬಟ್ಟೆ ಮಾತ್ರ. ಮೈಮೇಲಿನದೆಲ್ಲ ತೆಗೆಯಿರಿ ಎಂದಾಗ ಕಾಕಾ ಕೊರಳಿನ ಕರಡಿಗೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು. ದೀಕ್ಷೆಯಾದಂದಿನಿಂದ ಇಷ್ಟಲಿಂಗ ಅವರ ಎದೆ ಬಿಟ್ಟು ಇಳಿದಿಲ್ಲ. ಕಿವಿ ಹೋದರೂ ಸರಿ, ಇದನ್ನು ಬಿಡಲಾರೆ ಎಂದರು. ತಂತ್ರಜ್ಞ ಹುಡುಗ ಬೇಸರಿಸಿಕೊಳ್ಳಲಿಲ್ಲ, ವೈದ್ಯರನ್ನು ಕರೆದುತಂದ. ಅವರು ಬಂದು ನೋಡಿ, ಬೆಳ್ಳಿಯ ಕರಡಿಗೆಯನ್ನು ಮನೆಯವರ ಬಳಿ ಬಿಟ್ಟು, ಲಿಂಗವನ್ನು ಒಗೆದ ಹತ್ತಿ ವಸ್ತ್ರದಲ್ಲಿ ಕಟ್ಟಿಕೊಳ್ಳಲು ಒಪ್ಪಿದರು. ಚಿಗವ್ವ ತಮ್ಮ ಕೈಯಾರೆ ಕಟ್ಟಿದರು. ಆ ವೈದ್ಯರ ತಾಳ್ಮೆಗೆ ನಾನು ಇಂದಿಗೂ ಕೃತಜ್ಞಳು.

ಇಷ್ಟು ಕಟ್ಟುನಿಟ್ಟು ಏಕೆಂದು ಚಿಗವ್ವ ಕೇಳಿದಾಗ ಪೂರ್ತಿ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಶುದ್ಧ ಆಮ್ಲಜನಕದಲ್ಲಿ ಒಂದು ಕಿಡಿ ಸಾಕು. 1997ರಲ್ಲಿ ಇಟಲಿಯ ಮಿಲಾನ್‌ನ ಆಸ್ಪತ್ರೆಯೊಂದರ ಕೋಣೆಯಲ್ಲಿ ಬೆಂಕಿ ಎದ್ದು 11 ಮಂದಿ ಸತ್ತರು. 2025ರ ಜನವರಿಯಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ 5 ವರ್ಷದ ಬಾಲಕನೊಬ್ಬ ಇಂಥದೇ ಕೋಣೆಯೊಳಗೆ ಬೆಂದುಹೋದ. ಹಾಗಾಗಿ ಸೌಂದರ್ಯಕ್ಕೆ, ಯೌವನಕ್ಕೆ, ಆಟಿಸಂಗೆ ಎಂದು ಈ ಕೋಣೆಗಳ ಜಾಹೀರಾತು ಕಂಡಾಗ ನನಗೆ ಸಿಟ್ಟು ಬರುತ್ತದೆ. ತರಬೇತಾದ ಸಿಬ್ಬಂದಿ, ಹೊರಗೆ ಕಣ್ಣಿಟ್ಟು ಕೂತಿರುವ ವೈದ್ಯರು ಇದ್ದಲ್ಲಿ ಮಾತ್ರ ಒಳಗೆ ಮಲಗಬೇಕು. ಹಾಗೆ ನಡೆಸಿದರೆ ಅಪಾಯ ಕಡಿಮೆ. ಒತ್ತಡ ಏರುವಾಗ ಕಿವಿ ಕಟ್ಟುವುದು, ಕೆಲವರಿಗೆ ಕೊಳವೆಯೊಳಗೆ ದಿಗಿಲಾಗುವುದು, ಕೆಲವು ವಾರ ದೂರದ್ದು ಮಸುಕಾಗುವುದು ಸಾಮಾನ್ಯ ತೊಂದರೆಗಳು. ಆಮ್ಲಜನಕ ಹೆಚ್ಚಾಗಿ ಫಿಟ್ಸ್ ಬರುವುದು ಅಪರೂಪ. ಕಾಕಾನಿಗೆ ಮೊದಲ ಸಲ ಬಲಗಿವಿ ನೋಯಿತು. ಉಗುಳು ನುಂಗುವುದನ್ನೂ, ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತುವುದನ್ನೂ ಕಲಿಸಿದ ಮೇಲೆ ಸರಿಹೋಯಿತು. ಆಮೇಲೆ ಒಳಗೆ ನಿದ್ದೆಯನ್ನೇ ಮಾಡಿದರು.

ಅವರಿಗೆ ಏನು ಮರಳಿತು? ಕೊನೆಯ ಆಡಿಯೋಗ್ರಾಮ್‌ನಲ್ಲಿ ತಗ್ಗು ಸ್ವರಗಳ ಗೆರೆ ಚೆನ್ನಾಗಿ ಮೇಲೆ ಬಂದಿತ್ತು, ಎತ್ತರದ ಸ್ವರಗಳದ್ದು ಬಂದಿರಲಿಲ್ಲ. ಗಂಡಸರ ದನಿ ಎಡಗಿವಿಯಲ್ಲಿ ಕೇಳುತ್ತದೆ, ಮೊಮ್ಮಗಳ ದನಿ ಒಡೆದಂತೆ ಕೇಳುತ್ತದೆ. ಗುಂಯ್ ಸದ್ದು ಕಡಿಮೆಯಾಗಿದೆ, ಹೋಗಿಲ್ಲ. ಇದನ್ನು ಮಾಡಿದ್ದು ಸೂಜಿಯೋ, ಆಮ್ಲಜನಕವೋ, ದೇಹವೋ? ಯಾವ ಚಿಕಿತ್ಸೆಯೂ ಇಲ್ಲದೆ ಸ್ವಲ್ಪವಾದರೂ ಸುಧಾರಿಸುವವರು ನೂರಕ್ಕೆ 32ರಿಂದ 65 ಮಂದಿ ಎಂಬ ಅಂಕಿ ನನ್ನೆದುರಿಗಿದೆ. ಒಬ್ಬರ ಕಿವಿಯನ್ನು ನೋಡಿ ಉತ್ತರ ಹೇಳಲು ಬರುವುದಿಲ್ಲ. ಅದಕ್ಕೇ ‘ನಮ್ಮವರಿಗೆ ಗುಣವಾಯಿತು, ನೀವೂ ಹೋಗಿ’ ಎಂದು ಯಾರಿಗೂ ಹೇಳುವುದಿಲ್ಲ. ‘ಇಂದೇ ಆಡಿಯೋಮೆಟ್ರಿ ಮಾಡಿಸಿ’ ಎಂದು ಮಾತ್ರ ಎಲ್ಲರಿಗೂ ಹೇಳುತ್ತೇನೆ.

ಒಂದೇ ಕಿವಿಯಲ್ಲಿ ಬದುಕುವುದು ಹೊರಗಿನವರಿಗೆ ಕಾಣದ ಕಷ್ಟ. ಸದ್ದು ಯಾವ ದಿಕ್ಕಿನಿಂದ ಬಂತೆಂದು ಹೇಳುವುದಕ್ಕೆ ಎರಡೂ ಕಿವಿ ಬೇಕು. ಜಗತ್ ವೃತ್ತದಲ್ಲಿ ಎಡಬದಿಯಿಂದ ನುಗ್ಗುವ ಆಟೋದ ಹಾರ್ನ್ ಬಲದಿಂದ ಬಂದಂತೆ ತೋರಿದರೆ ಏನಾದೀತೆಂದು ಯೋಚಿಸಿ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಿವುಡು ಎಂದರೆ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ನಷ್ಟ, ಮಂದ ಶ್ರವಣ ಎಂದರೆ ಎರಡೂ ಕಿವಿಗಳಲ್ಲಿ 60ರಿಂದ 70. ಒಂದು ಕಿವಿ ಪೂರ್ತಿ ಹೋದವರು ಈ ಎರಡೂ ವ್ಯಾಖ್ಯೆಗಳಿಗೆ ಹೊರಗೆ. ಇದು ಅನ್ಯಾಯವೆಂದೇ ನನಗೆ ಅನ್ನಿಸುತ್ತದೆ.

ಕಳೆದ ವಾರ ಶಹಾಪುರದಿಂದ ಪರಿಚಿತರೊಬ್ಬರು ಫೋನ್ ಮಾಡಿದ್ದರು. ಅವರ ತಂಗಿ ಅಂಗನವಾಡಿ ಕಾರ್ಯಕರ್ತೆ, ಬಲಗಿವಿ ಹೋಗಿ ವರ್ಷವಾಗಿದೆ. ಆಮ್ಲಜನಕ ಚಿಕಿತ್ಸೆಗೆ ಸಾಲ ಮಾಡಲು ಹೊರಟಿದ್ದರು. ಆರು ತಿಂಗಳು ದಾಟಿದ ಕಿವುಡಿಗೆ ಇದರಿಂದ ಲಾಭವೆಂದು ಕಾಕ್ರೇನ್ ವಿಮರ್ಶೆಯಲ್ಲಿ ಕಂಡಿಲ್ಲ, ಸಾಲ ಮಾಡಬೇಡಿ ಎಂದೆ. ಕೇಳದ ಕಿವಿಯ ಬಳಿ ಮೈಕ್ ಇಟ್ಟು ಸದ್ದನ್ನು ಕೇಳುವ ಕಿವಿಗೆ ದಾಟಿಸುವ ಕ್ರಾಸ್ ಎಂಬ ಶ್ರವಣಯಂತ್ರವಿದೆ, ಕೆಲವು ದಿನ ಪ್ರಯೋಗಕ್ಕೆ ಹಾಕಿಕೊಂಡು ನೋಡಿದ ಮೇಲೆ ಕೊಳ್ಳಿ ಎಂದೆ. ಮಾತಿನ ನಡುವೆ, ಎಂಆರ್‌ಐ ಇದುವರೆಗೆ ಮಾಡಿಸಿಯೇ ಇಲ್ಲ ಎಂಬುದು ಗೊತ್ತಾಯಿತು. ಯಂತ್ರ ಆಮೇಲೆ, ಮೊದಲು ಅದನ್ನು ಮಾಡಿಸೋಣ ಎಂದಿದ್ದೇನೆ. ಸೋಮವಾರ ಅಣ್ಣತಂಗಿ ಇಬ್ಬರೂ ಕಲಬುರಗಿಗೆ ಬರುತ್ತಾರೆ, ನಾನೂ ಶಾಲೆಗೆ ರಜೆ ಹಾಕಿದ್ದೇನೆ.